ರೆಬೆಕ್ಕಾ ಮೇಯರ್ಸ್

ರೆಬೆಕ್ಕಾ ಮೇಯರ್ಸ್ (ಜನನ 28 ನವೆಂಬರ್ 1994) ಅಮೆರಿಕದ ಪ್ಯಾರಾ ಈಜುಗಾರ್ತಿ. ಬೆಕ್ಕಾ ಎಂಬುದು ಬಳಕೆಯ ಹೆಸರು. ಹುಟ್ಟಿನಿಂದಲೇ ಕಿವುಡರಾದ ಇವರಿಗೆ ಅಷರ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆಯಿಂದಾಗಿ ದೃಷ್ಟಿಯೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದಿದೆ. 2012ರ ಲಂಡನ್ ಮತ್ತು 2016ರ ರಿಯೊ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಒಟ್ಟು ಆರು ಪದಕ ಗೆದ್ದರು: ಮೂರು ಚಿನ್ನ, ಎರಡು ಬೆಳ್ಳಿ, ಒಂದು ಕಂಚು. 2021ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸ್‌ಗೆ ಆಯ್ಕೆಯಾದ ಮೇಲೆ, ತಮ್ಮ ನಂಬಿಕೆಯ ವೈಯಕ್ತಿಕ ಸಹಾಯಕಿಯನ್ನು ಕರೆದೊಯ್ಯಲು ಅನುಮತಿ ಸಿಗದ ಕಾರಣ ತಂಡದಿಂದ ಹಿಂದೆ ಸರಿದರು. ಅವರ ಪದಕಗಳಷ್ಟೇ ಈ ನಿರ್ಧಾರವೂ ಚರ್ಚೆಯಾಯಿತು. ಕೇಳದ ಮತ್ತು ಕಾಣದ ಕ್ರೀಡಾಪಟುವಿಗೆ ಜೊತೆಗೊಬ್ಬರು ಇರುವುದು ಔದಾರ್ಯದ ಮಾತೋ, ಆಟದ ಸಲಕರಣೆಯಷ್ಟೇ ಅಗತ್ಯದ ಮಾತೋ ಎಂಬ ಪ್ರಶ್ನೆಯನ್ನು ಅದು ಜಗತ್ತಿನ ಮುಂದಿಟ್ಟಿತು.

ಬಾಲ್ಯ ಮತ್ತು ಶಿಕ್ಷಣ

ಮೇಯರ್ಸ್ ಹುಟ್ಟಿದ್ದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ, ಬೆಳೆದದ್ದು ಅದರ ಉತ್ತರದ ಹೊರವಲಯದ ಟಿಮೋನಿಯಂನಲ್ಲಿ. ಈಜಿನ ಇತಿಹಾಸದಲ್ಲಿ ಬಾಲ್ಟಿಮೋರ್ ಸಾಮಾನ್ಯ ಊರಲ್ಲ. ಒಲಿಂಪಿಕ್ಸ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಪದಕ ಗೆದ್ದ ಮೈಕೆಲ್ ಫೆಲ್ಪ್ಸ್ ಅಲ್ಲಿಯವರೇ. ಮನೆಮನೆಯ ಮಕ್ಕಳೂ ಬೇಸಿಗೆಯಲ್ಲಿ ಕೊಳಕ್ಕಿಳಿಯುವ, ಬಡಾವಣೆಗೊಂದು ಈಜು ಕ್ಲಬ್ ಇರುವ ಪ್ರದೇಶ ಅದು. ಅಂಗವೈಕಲ್ಯವಿರುವ ಮಗುವೂ ಆ ಕೊಳಗಳಲ್ಲಿ ಉಳಿದ ಮಕ್ಕಳ ಜೊತೆಯಲ್ಲೇ ಈಜು ಕಲಿಯಬಹುದಾಗಿತ್ತು. ಮೇಯರ್ಸ್ ಅವರ ಕಥೆಯಲ್ಲಿ ಅವರ ಛಲಕ್ಕೆ ಇರುವಷ್ಟೇ ಪಾಲು ಈ ವಾತಾವರಣಕ್ಕೂ ಇದೆ.

ಶಸ್ತ್ರಚಿಕಿತ್ಸೆಯ ಮೂಲಕ ಅಳವಡಿಸಿದ ಕಾಕ್ಲಿಯರ್ ಇಂಪ್ಲಾಂಟ್ ನೆರವಿನಿಂದ ಮೇಯರ್ಸ್ ಮಾತು ಕೇಳಿಸಿಕೊಳ್ಳುತ್ತಾರೆ. ಎದುರಿನವರ ತುಟಿಯ ಚಲನೆಯನ್ನು ನೋಡಿ ಮಾತನ್ನು ಗ್ರಹಿಸುವ ಅಭ್ಯಾಸವೂ ಇದೆ. ಈ ಎರಡೂ ಸಾಧನಗಳಿಗೆ ಮಿತಿಯಿದೆ. ಗದ್ದಲದ ಜಾಗದಲ್ಲಿ ಇಂಪ್ಲಾಂಟ್ ಎಲ್ಲ ಸದ್ದನ್ನೂ ಕಲಸಿಹಾಕುತ್ತದೆ. ತುಟಿ ಓದಲು ಎದುರಿನವರ ಮುಖ ಬೆಳಕಿನಲ್ಲಿ, ಹತ್ತಿರದಲ್ಲಿ, ಇನ್ನೂ ಉಳಿದಿರುವ ಕಿರಿದಾದ ದೃಷ್ಟಿಯ ವಲಯದೊಳಗೆ ಇರಬೇಕು. ನೀರಿಗಿಳಿಯುವಾಗ ಇಂಪ್ಲಾಂಟಿನ ಹೊರಭಾಗವನ್ನು ತೆಗೆದಿಡಬೇಕು. ಹಾಗಾಗಿ ಕೊಳದಲ್ಲಿ ಅವರ ಸುತ್ತ ಇರುವುದು ಪೂರ್ಣ ಮೌನ. ಆ ಮೌನದಲ್ಲಿಯೇ ತಾವು ಅತ್ಯಂತ ಸ್ವತಂತ್ರರೆಂದು ಅವರು ಹೇಳಿಕೊಂಡಿದ್ದಾರೆ. ಲೇನಿನ ಗೆರೆ, ಹಗ್ಗ, ಗೋಡೆ ಎಲ್ಲವೂ ಇದ್ದ ಜಾಗದಲ್ಲೇ ಇರುತ್ತವೆ, ಅಡ್ಡ ಬರುವವರಿಲ್ಲ, ಯಾರೂ ಹಿಂದಿನಿಂದ ಕೂಗುವುದಿಲ್ಲ. ನೆಲದ ಮೇಲಿನ ಬದುಕು ಅವರಿಗೆ ಇಷ್ಟು ಕ್ರಮಬದ್ಧವಾಗಿ ಸಿಗುವುದಿಲ್ಲ.

ಟೌಸನ್‌ನ ನೋಟ್ರ್ ಡೇಮ್ ಪ್ರಿಪರೇಟರಿ ಶಾಲೆಯಲ್ಲಿ ಓದಿ, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿರುವ ಫ್ರಾಂಕ್ಲಿನ್ ಆ್ಯಂಡ್ ಮಾರ್ಷಲ್ ಕಾಲೇಜು ಸೇರಿದರು. ತರಬೇತಿಯ ಹಂತದಲ್ಲಿ ಬ್ರೂಸ್ ಜೆಮ್ಮೆಲ್ ಅವರ ಮಾರ್ಗದರ್ಶನ ಪಡೆದರು. ದೂರದ ಫ್ರೀಸ್ಟೈಲ್ ಸ್ಪರ್ಧೆಗಳ ವಿಶ್ವದಾಖಲೆಗಳನ್ನು ಮತ್ತೆ ಮತ್ತೆ ಮುರಿದ ಕೇಟಿ ಲೆಡೆಕಿ ಅವರ ಕೋಚ್ ಆಗಿದ್ದವರು ಇವರೇ. ಅಂಗವಿಕಲರಿಗೆಂದೇ ಹದ ತಗ್ಗಿಸಿದ ತರಬೇತಿ ಮೇಯರ್ಸ್ ಅವರದಾಗಿರಲಿಲ್ಲ ಎಂಬುದಕ್ಕೆ ಈ ಒಂದು ಹೆಸರೇ ಸಾಕು.

ಅಷರ್ ಸಿಂಡ್ರೋಮ್

ಬ್ರಿಟನ್ನಿನ ನೇತ್ರತಜ್ಞ ಚಾರ್ಲ್ಸ್ ಅಷರ್ 1914ರಲ್ಲಿ ಈ ಕಾಯಿಲೆ ವಂಶದಲ್ಲಿ ಹರಿದು ಬರುತ್ತದೆಂದು ತೋರಿಸಿಕೊಟ್ಟರು. ಅವರ ಹೆಸರೇ ಅದಕ್ಕೆ ನಿಂತಿತು. ಅದಕ್ಕೂ ಮೊದಲೇ, 1858ರಲ್ಲಿ, ಜರ್ಮನಿಯ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಕಿವುಡುತನವೂ ಅಕ್ಷಿಪಟಲದ ಸವೆತವೂ ಒಬ್ಬರಲ್ಲೇ ಕಾಣಿಸಿಕೊಳ್ಳುವುದನ್ನು ಗುರುತಿಸಿದ್ದರು. ಒಳಗಿವಿಯ ರೋಮಕೋಶಗಳಿಗೂ ಕಣ್ಣಿನ ಅಕ್ಷಿಪಟಲದ ಬೆಳಕು ಗ್ರಹಿಸುವ ಕೋಶಗಳಿಗೂ ಬೇಕಾದ ಕೆಲವು ಪ್ರೋಟೀನುಗಳು ಒಂದೇ. ಅವನ್ನು ರೂಪಿಸುವ ಜೀನ್‌ನಲ್ಲಿ ದೋಷವಿದ್ದರೆ ಎರಡು ಇಂದ್ರಿಯಗಳೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ.

ಕಿವಿಯ ದೋಷ ಹುಟ್ಟಿನಲ್ಲೇ ಇರಬಹುದು. ಕಣ್ಣಿನದು ತಡವಾಗಿ, ನಿಧಾನವಾಗಿ ಬರುತ್ತದೆ. ಮೊದಲು ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ದಂಡಕೋಶಗಳು ಸಾಯುತ್ತವೆ; ಮಗುವಿಗೆ ಇರುಳುಗಣ್ಣು ಬರುತ್ತದೆ. ಆಮೇಲೆ ದೃಷ್ಟಿಯ ಅಂಚುಗಳು ಒಂದೊಂದಾಗಿ ಕಳೆದುಹೋಗಿ, ಕೊಳವೆಯೊಳಗಿಂದ ನೋಡಿದಂತೆ ನಡುವಿನ ತುಣುಕು ಮಾತ್ರ ಉಳಿಯುತ್ತದೆ. ಆ ತುಣುಕಿನಲ್ಲಿ ಅಕ್ಷರ ಚೆನ್ನಾಗಿಯೇ ಕಾಣಬಹುದು. ಪುಸ್ತಕ ಓದುವ ಹುಡುಗಿ ಕಾಲಬುಡದ ಸ್ಟೂಲನ್ನು ಎಡವಿ ಬೀಳುತ್ತಾಳೆ, ನೋಡಿದವರು ಅಜಾಗರೂಕತೆ ಎನ್ನುತ್ತಾರೆ. ಈ ಕಾಯಿಲೆಯ ಮಕ್ಕಳು ಬೈಗುಳ ತಿನ್ನುವುದು ಹೀಗೆ.

ಕಾಯಿಲೆಯಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲ ಬಗೆಯಲ್ಲಿ ಹುಟ್ಟಿನಿಂದಲೇ ತೀವ್ರ ಕಿವುಡುತನ. ದೇಹದ ಸಮತೋಲನವೂ ಕೆಡುವುದರಿಂದ ಮಗು ಕೂರುವುದು, ನಡೆಯುವುದು ತಡವಾಗುತ್ತದೆ. ಹತ್ತು ವರ್ಷದೊಳಗೇ ಇರುಳುಗಣ್ಣು ಶುರುವಾಗುತ್ತದೆ. ಎರಡನೆಯದರಲ್ಲಿ ಕಿವುಡುತನ ಸ್ವಲ್ಪ ಸೌಮ್ಯ, ಸಮತೋಲನ ಸರಿಯಿರುತ್ತದೆ, ಕಣ್ಣಿನ ತೊಂದರೆ ಹದಿಹರೆಯದಲ್ಲಿ ಕಾಣಿಸುತ್ತದೆ. ಮೂರನೆಯ ಬಗೆ ಅಪರೂಪ. ಅದರಲ್ಲಿ ಎರಡೂ ಮುಂದೆ ನಿಧಾನವಾಗಿ ಬರುತ್ತವೆ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಮಗುವಿಗೆ ಕಾಯಿಲೆ ತಗಲುತ್ತದೆ. ಒಂದೇ ಪ್ರತಿ ಹೊತ್ತವರಿಗೆ ಏನೂ ಆಗುವುದಿಲ್ಲ, ತಾವು ಹೊತ್ತಿರುವುದು ಅವರಿಗೆ ಗೊತ್ತೂ ಇರುವುದಿಲ್ಲ.

ಕೇಳದವರು ಕಣ್ಣಿನಿಂದ, ಕಾಣದವರು ಕಿವಿಯಿಂದ ಕೊರತೆ ತುಂಬಿಕೊಳ್ಳುತ್ತಾರೆ. ಸನ್ನೆ ಭಾಷೆಗೆ ಕಣ್ಣು ಬೇಕು. ಬಿಳಿಕೋಲು ಹಿಡಿದು ರಸ್ತೆ ದಾಟುವವರಿಗೆ ವಾಹನದ ಸದ್ದು ಬೇಕು. ಎರಡೂ ಕುಗ್ಗಿದಾಗ ಈ ಹಾದಿಗಳು ಮುಚ್ಚಿಹೋಗುತ್ತವೆ. ಆದ್ದರಿಂದಲೇ ಕಿವುಡು-ಅಂಧತ್ವವನ್ನು ಎರಡು ವೈಕಲ್ಯಗಳ ಮೊತ್ತವೆಂದು ನೋಡದೆ ಪ್ರತ್ಯೇಕ ಸ್ಥಿತಿಯೆಂದೇ ಪರಿಗಣಿಸಬೇಕು. ಅಂಗೈಯ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದು, ಸನ್ನೆ ಮಾಡುವವರ ಕೈಯನ್ನು ಮುಟ್ಟಿ ಗ್ರಹಿಸುವುದು, ಬ್ರೈಲ್ – ಇಲ್ಲಿ ಸ್ಪರ್ಶವೇ ಭಾಷೆಯಾಗುತ್ತದೆ. ಬ್ರೈಲ್ ಬಿಟ್ಟರೆ, ಇಂಥ ಸ್ಪರ್ಶಕ್ಕೆ ಪಕ್ಕದಲ್ಲಿ ಒಬ್ಬ ಮನುಷ್ಯ ಇರಲೇಬೇಕು. ಮೇಯರ್ಸ್ ಅವರ ಟೋಕಿಯೊ ಪ್ರಸಂಗವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಅಂಶ ನೆನಪಿರಬೇಕು.

ಕ್ರೀಡೆಯ ವರ್ಗೀಕರಣ

ಪ್ಯಾರಾ ಈಜಿನಲ್ಲಿ ದೈಹಿಕ ವೈಕಲ್ಯದವರಿಗೆ 1ರಿಂದ 10, ದೃಷ್ಟಿದೋಷದವರಿಗೆ 11ರಿಂದ 13, ಬೌದ್ಧಿಕ ವೈಕಲ್ಯದವರಿಗೆ 14 ಎಂದು ವರ್ಗಗಳಿವೆ. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈಗಳಿಗೆ ಅಂಕಿಯ ಮುಂದೆ ಎಸ್, ಬ್ರೆಸ್ಟ್‌ಸ್ಟ್ರೋಕ್‌ಗೆ ಎಸ್‌ಬಿ, ವೈಯಕ್ತಿಕ ಮೆಡ್ಲೆಗೆ ಎಸ್‌ಎಂ ಎಂದು ಸೇರಿಸುತ್ತಾರೆ. ಎಸ್11ರವರಿಗೆ ಹೆಚ್ಚೂಕಡಿಮೆ ಏನೂ ಕಾಣುವುದಿಲ್ಲ. ಎಸ್13ರವರಿಗೆ ದೃಷ್ಟಿಯ ತೀಕ್ಷ್ಣತೆ ಕಡಿಮೆ, ಇಲ್ಲವೇ ನೋಟದ ವಲಯ ಕೇಂದ್ರದಿಂದ 20 ಡಿಗ್ರಿಗಿಂತ ಕಡಿಮೆ. ಮೇಯರ್ಸ್ ಸ್ಪರ್ಧಿಸಿದ್ದು ಎಸ್13ರಲ್ಲಿ.

ಎಸ್11ರ ಈಜುಗಾರರೆಲ್ಲ ಬೆಳಕು ಹಾಯದ ಕಪ್ಪು ಕನ್ನಡಕ ಧರಿಸಬೇಕು. ಅಲ್ಪಸ್ವಲ್ಪ ಬೆಳಕು ಕಾಣುವವರಿಗೂ ಕಾಣದವರಿಗೂ ನಡುವೆ ವ್ಯತ್ಯಾಸ ಉಳಿಯಬಾರದೆಂದು ಈ ಏರ್ಪಾಡು. ಗೋಡೆ ಹತ್ತಿರ ಬಂದಾಗ ದಡದಲ್ಲಿ ನಿಂತ ಸಹಾಯಕರು ತುದಿಗೆ ಮೆತ್ತನೆಯ ಉಂಡೆ ಕಟ್ಟಿದ ಉದ್ದ ಕೋಲಿನಿಂದ ಈಜುಗಾರರನ್ನು ತಟ್ಟುತ್ತಾರೆ. ಇವರಿಗೆ ಟ್ಯಾಪರ್ ಎನ್ನುತ್ತಾರೆ. ತಟ್ಟುವುದು ಅರೆಕ್ಷಣ ತಡವಾದರೆ ಕೈ ಅಥವಾ ತಲೆ ಗೋಡೆಗೆ ಬಡಿಯುತ್ತದೆ, ಬೇಗನಾದರೆ ತಿರುವು ಕೆಡುತ್ತದೆ. ಎಸ್11ರಲ್ಲಿ ಟ್ಯಾಪರ್ ಕಡ್ಡಾಯ. ಬಟರ್‌ಫ್ಲೈ, ಬ್ರೆಸ್ಟ್‌ಸ್ಟ್ರೋಕ್‌ಗಳಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕೆಂಬ ನಿಯಮವಿದೆ. ಕಾಣದ ಈಜುಗಾರರು ಲೇನಿನ ಹಗ್ಗಕ್ಕೆ ಒತ್ತಿಕೊಂಡಾಗ ಅದು ಸಾಧ್ಯವಾಗದಿದ್ದರೆ, ಅದರಿಂದ ಅನುಚಿತ ಲಾಭ ಸಿಗದಿದ್ದಲ್ಲಿ, ಅನರ್ಹಗೊಳಿಸುವುದಿಲ್ಲ. ಇಷ್ಟು ಸೂಕ್ಷ್ಮವಾಗಿ ನಿಯಮ ಬರೆದವರ ಕಣ್ಣಿಗೂ ಕಿವುಡು-ಅಂಧತ್ವ ಬೀಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಪ್ಯಾರಾಲಿಂಪಿಕ್ಸ್ ಪಟ್ಟಿ ಮಾಡಿರುವ ಹತ್ತು ಬಗೆಯ ಅರ್ಹ ವೈಕಲ್ಯಗಳಲ್ಲಿ ಕಿವುಡುತನ ಇಲ್ಲ. ಕಿವುಡರದು ಬೇರೆಯೇ ಚಳವಳಿ. ಅವರ ಅಂತರರಾಷ್ಟ್ರೀಯ ಕ್ರೀಡಾಕೂಟ 1924ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಯಿತು. ಪ್ಯಾರಾಲಿಂಪಿಕ್ಸ್‌ಗಿಂತ ಹಳೆಯದಾದ ಆ ಪರಂಪರೆ ಈಗ ಡೆಫ್‌ಲಿಂಪಿಕ್ಸ್ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಅಲ್ಲಿ ಭಾಗವಹಿಸಲು ಚೆನ್ನಾಗಿ ಕೇಳುವ ಕಿವಿಯಲ್ಲೂ ಕನಿಷ್ಠ 55 ಡೆಸಿಬೆಲ್ ನಷ್ಟವಿರಬೇಕು, ಸ್ಪರ್ಧೆಯ ವೇಳೆ ಶ್ರವಣ ಸಾಧನ ತೆಗೆದಿಡಬೇಕು. ಆರಂಭದ ಸೂಚನೆಯನ್ನು ಬೆಳಕಿನಿಂದ ಕೊಡುತ್ತಾರೆ. ಒಂದು ಕೂಟ ಕಣ್ಣನ್ನು ಅಳೆಯುತ್ತದೆ, ಇನ್ನೊಂದು ಕಿವಿಯನ್ನು. ಎರಡೂ ಇಲ್ಲದವರನ್ನು ಎರಡೂ ಕಡೆ ಅರ್ಧ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಎಸ್13ರಲ್ಲಿ ಮೇಯರ್ಸ್ ಅವರ ಪಕ್ಕದ ಲೇನುಗಳಲ್ಲಿದ್ದವರು ಕಡಿಮೆ ಕಾಣುವ ಆದರೆ ಕೋಚ್‌ನ ಮಾತು, ಧ್ವನಿವರ್ಧಕದ ಸೂಚನೆ ಕೇಳಬಲ್ಲ ಈಜುಗಾರ್ತಿಯರು. ಮೇಯರ್ಸ್ ಅವರ ಕಿವುಡುತನಕ್ಕೆ ಅಂಕಪಟ್ಟಿಯಲ್ಲಿ ಜಾಗವಿರಲಿಲ್ಲ. ಅಂಥವರ ನಡುವೆ ಗೆದ್ದ ಪದಕಗಳ ತೂಕವನ್ನು ಹಾಗೆಯೇ ಅಳೆಯಬೇಕು.

ಲಂಡನ್‌ನಿಂದ ರಿಯೊವರೆಗೆ

ಲಂಡನ್ ಪ್ಯಾರಾಲಿಂಪಿಕ್ಸ್ ನಡೆದಾಗ ಮೇಯರ್ಸ್ ಹದಿನೇಳರ ಹುಡುಗಿ. 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಬೆಳ್ಳಿ, 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಕಂಚು ಬಂತು. ನಂತರದ ನಾಲ್ಕು ವರ್ಷ ಅವರ ಬದುಕಿನ ಅತ್ಯಂತ ಫಲವತ್ತಾದ ಕಾಲ. 2015ರಲ್ಲಿ ಗ್ಲಾಸ್ಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹಲವು ಚಿನ್ನ ಗೆದ್ದು ತಮ್ಮ ವರ್ಗದ ಅಗ್ರ ಈಜುಗಾರ್ತಿಯಾಗಿ ನಿಂತರು.

2016ರ ಸೆಪ್ಟೆಂಬರ್‌ನಲ್ಲಿ ರಿಯೊ. 100 ಮೀಟರ್ ಬಟರ್‌ಫ್ಲೈ, 200 ಮೀಟರ್ ವೈಯಕ್ತಿಕ ಮೆಡ್ಲೆ, 400 ಮೀಟರ್ ಫ್ರೀಸ್ಟೈಲ್ – ಮೂರರಲ್ಲೂ ಚಿನ್ನ. 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಉಕ್ರೇನಿನ ಅನ್ನಾ ಸ್ಟೆಟ್ಸೆಂಕೊ ಅವರ ಹಿಂದೆ ಬೆಳ್ಳಿ. ಈ ನಾಲ್ಕನ್ನು ಒಟ್ಟಿಗೆ ನೋಡಿದರೆ ಅವರ ಸಾಮರ್ಥ್ಯದ ಹರವು ತಿಳಿಯುತ್ತದೆ. 50 ಮೀಟರ್ ಉಸಿರು ಹಿಡಿದು ಚಿಮ್ಮುವ ಓಟ, 400 ಮೀಟರ್ ವೇಗವನ್ನು ಹಂಚಿಕೊಂಡು ಕಾಯುವ ಓಟ, ಮೆಡ್ಲೆಯಲ್ಲಿ ನಾಲ್ಕೂ ಶೈಲಿ ಪಳಗಿರಬೇಕು. ಇಷ್ಟು ವೈವಿಧ್ಯದಲ್ಲಿ ಒಬ್ಬರೇ ಪದಕ ಗೆಲ್ಲುವುದು ಯಾವ ಈಜು ಕೂಟದಲ್ಲೂ ವಿರಳ. 400 ಮೀಟರ್‌ನಲ್ಲಿ ಅವರು 4 ನಿಮಿಷ 20 ಸೆಕೆಂಡಿನ ಗಡಿಯೊಳಗೆ ಗೋಡೆ ಮುಟ್ಟಿ ವಿಶ್ವದಾಖಲೆ ಬರೆದರು. 50 ಮೀಟರ್ ಕೊಳದಲ್ಲಿ ಆ ಸ್ಪರ್ಧೆಗೆ ಏಳು ತಿರುವು. ದೃಷ್ಟಿ ಕಿರಿದಾದವರಿಗೆ ಒಂದೊಂದು ತಿರುವೂ ಲೆಕ್ಕದ ಮೇಲೆ, ದೇಹದ ನೆನಪಿನ ಮೇಲೆ ನಡೆಯಬೇಕಾದ ಕೆಲಸ. ಪಕ್ಕದ ಲೇನಿನವರು ಎಷ್ಟು ಹಿಂದಿದ್ದಾರೆ, ಮುಂದಿದ್ದಾರೆ ಎಂದು ಅಡ್ಡಗಣ್ಣಿನಲ್ಲಿ ನೋಡಿ ವೇಗ ಹೊಂದಿಸಿಕೊಳ್ಳುವ ಅನುಕೂಲವೂ ಅವರಿಗಿಲ್ಲ. 2017ರಲ್ಲಿ ಅಂಗವಿಕಲ ಕ್ರೀಡಾಪಟುವಿಗೆ ಮೀಸಲಾದ ಇಎಸ್‌ಪಿವೈ ಪ್ರಶಸ್ತಿ ಮಹಿಳಾ ವಿಭಾಗದಲ್ಲಿ ಮೇಯರ್ಸ್ ಅವರಿಗೆ ಸಂದಿತು.

ಕೊಳದಲ್ಲಿ ಗೆದ್ದ ಅದೇ ರಿಯೊದಲ್ಲಿ ಕೊಳದ ಹೊರಗಿನ ದಿನಗಳು ಅವರಿಗೆ ಅಸಹನೀಯವಾಗಿದ್ದವು. ಕ್ರೀಡಾಗ್ರಾಮ ಸಾವಿರಾರು ಜನರ ಗದ್ದಲದ, ಅಪರಿಚಿತ ಜಾಗ. ಊಟದ ಸಭಾಂಗಣ ಹುಡುಕಿಕೊಂಡು ಹೋಗುವುದು, ಅಲ್ಲಿ ಏನಿದೆ, ಎಲ್ಲಿದೆ ಎಂದು ತಿಳಿಯುವುದು ಒಬ್ಬರಿಂದ ಆಗದ ಕೆಲಸವಾಯಿತು. ಸರಿಯಾಗಿ ಊಟ ಮಾಡಲಾಗದೆ, ಯಾರೊಂದಿಗೂ ಬೆರೆಯಲಾಗದೆ ಕುಗ್ಗಿಹೋದರು. ಕೊನೆಗೆ ತಂದೆ ತಾಯಿ ಅವರನ್ನು ಗ್ರಾಮದಿಂದ ತಾವಿದ್ದ ಹೋಟೆಲಿಗೆ ಕರೆದುಕೊಂಡು ಹೋದರು. ದಿನಕ್ಕೆ ಹಲವು ಗಂಟೆ ದಂಡಿಸಿಕೊಳ್ಳುವ ಈಜುಗಾರ್ತಿಗೆ ಊಟ ತಪ್ಪುವುದೆಂದರೆ ಸ್ಪರ್ಧೆಯೇ ತಪ್ಪಿದಂತೆ. ಈ ಅನುಭವದ ನಂತರ, 2017ರಿಂದ, ಅಂತರರಾಷ್ಟ್ರೀಯ ಕೂಟಗಳಿಗೆ ವೈಯಕ್ತಿಕ ಸಹಾಯಕಿಯನ್ನು ಜೊತೆಗೆ ಕರೆದೊಯ್ಯಲು ಒಪ್ಪಿಗೆ ದೊರೆಯಿತು. ಆ ಸಹಾಯಕಿ ಅವರ ತಾಯಿ ಮರಿಯಾ ಮೇಯರ್ಸ್.

ಟೋಕಿಯೊ ಪ್ರಸಂಗ

ಕೋವಿಡ್‌ನಿಂದಾಗಿ ಒಂದು ವರ್ಷ ಮುಂದೂಡಿದ ಟೋಕಿಯೊ ಪ್ಯಾರಾಲಿಂಪಿಕ್ಸ್ 2021ರ ಆಗಸ್ಟ್ 24ರಂದು ಆರಂಭವಾಗಬೇಕಿತ್ತು. ಸೋಂಕಿನ ಭಯದಿಂದ ಜಪಾನ್ ಹೊರದೇಶದ ಪ್ರೇಕ್ಷಕರನ್ನೂ ಕ್ರೀಡಾಪಟುಗಳ ಕುಟುಂಬದವರನ್ನೂ ಒಳಗೆ ಬಿಡುತ್ತಿರಲಿಲ್ಲ, ತಂಡಗಳ ಸಿಬ್ಬಂದಿಯ ಸಂಖ್ಯೆಯನ್ನೂ ಮಿತಿಗೊಳಿಸಿತ್ತು. ಅಮೆರಿಕದ ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಸಮಿತಿ ಮೇಯರ್ಸ್ ಅವರಿಗೆ ತಾಯಿಯನ್ನು ಕರೆದೊಯ್ಯಲು ಅವಕಾಶವಿಲ್ಲ ಎಂದಿತು. ಮೂವತ್ತಕ್ಕೂ ಹೆಚ್ಚು ಈಜುಗಾರರಿದ್ದ ತಂಡಕ್ಕೆ ಒಬ್ಬರೇ ಸಹಾಯಕರು. ಆ ಈಜುಗಾರರಲ್ಲಿ ಒಂಬತ್ತು ಮಂದಿ ದೃಷ್ಟಿದೋಷವುಳ್ಳವರು.

ಜುಲೈ 20ರಂದು ಮೇಯರ್ಸ್ ತಾವು ಹಿಂದೆ ಸರಿಯುತ್ತಿರುವುದಾಗಿ ಪ್ರಕಟಿಸಿದರು. ತಮಗೆ ಸಿಟ್ಟೂ ಬೇಸರವೂ ಬಂದಿದೆ, ಎಲ್ಲಕ್ಕಿಂತ ಹೆಚ್ಚಾಗಿ ದೇಶವನ್ನು ಪ್ರತಿನಿಧಿಸಲಾಗದ ದುಃಖವಾಗಿದೆ ಎಂದರು. ಅವರ ವಾದ ಸ್ಪಷ್ಟವಾಗಿತ್ತು. ಎಲ್ಲರೂ ಮಾಸ್ಕ್ ಧರಿಸಿ, ಅಂತರ ಕಾಯ್ದುಕೊಂಡು ನಿಂತಿರುವ ಅಪರಿಚಿತ ದೇಶದಲ್ಲಿ ತುಟಿ ಓದುವುದು ಅಸಾಧ್ಯ. ಮುಟ್ಟಿ ದಾರಿ ತೋರಿಸುವವರು ಇರುವುದಿಲ್ಲ. ಅಂದರೆ ಸೋಂಕಿನ ನಿರ್ಬಂಧಗಳು ಉಳಿದವರಿಗಿಂತ ಅವರಿಗೆ ಹೆಚ್ಚು ಬಿಗಿಯಾಗಿದ್ದವು, ಸಹಾಯದ ಅಗತ್ಯವನ್ನು ಹೆಚ್ಚಿಸಿದ್ದವು. ಅಂಥ ಹೊತ್ತಿನಲ್ಲೇ ಸಹಾಯವನ್ನು ಕಡಿತಗೊಳಿಸಲಾಯಿತು. ಮೇರಿಲ್ಯಾಂಡಿನ ರಾಜ್ಯಪಾಲರೂ ಸೆನೆಟರ್‌ಗಳೂ ದನಿಗೂಡಿಸಿದರು, ಪತ್ರಿಕೆಗಳು ಬರೆದವು. ಸಮಿತಿ ಜಪಾನಿನ ನಿರ್ಬಂಧಗಳತ್ತ ಬೊಟ್ಟುಮಾಡಿತು, ತೀರ್ಮಾನ ಬದಲಾಗಲಿಲ್ಲ. ತಂಡದ ಕೋಚ್‌ಗಳು, ವೈದ್ಯರು, ಅಧಿಕಾರಿಗಳು ಅಗತ್ಯ ಸಿಬ್ಬಂದಿಯಾಗಿ ಟೋಕಿಯೊ ತಲುಪಿದರು.

ಸಮಿತಿಯ ಕಷ್ಟ ನಿಜವಿರಬಹುದು. ಆದರೂ ಅದರ ಲೆಕ್ಕಾಚಾರದಲ್ಲಿ ಒಂದು ಮೂಲ ತಪ್ಪಿದೆ. ಗಾಲಿಕುರ್ಚಿಯ ಓಟಗಾರರಿಗೆ ಕುರ್ಚಿಯನ್ನು ವಿಮಾನದಲ್ಲಿ ಒಯ್ಯಲು ಜಾಗವಿಲ್ಲ ಎಂದು ಯಾವ ಸಮಿತಿಯೂ ಹೇಳುವುದಿಲ್ಲ. ಕಾಣದ ಓಟಗಾರರ ಕೈಗೆ ಹಗ್ಗದ ಕುಣಿಕೆ ಹಾಕಿಕೊಂಡು ಜೊತೆಗೆ ಓಡುವ ಮಾರ್ಗದರ್ಶಕರಿಗೆ ಪದಕವನ್ನೂ ಕೊಡುತ್ತಾರೆ. ಅವರೆಲ್ಲ ಸ್ಪರ್ಧೆಯ ಭಾಗವೆಂದು ಒಪ್ಪಿದ್ದಾಗಿದೆ. ಕಿವುಡು-ಅಂಧ ಈಜುಗಾರ್ತಿಗೆ ಮಾತ್ರ ನೀರಿನಲ್ಲಿ ಯಾರೂ ಬೇಡ, ನೀರಿಗೆ ಬರುವ ತನಕದ ಹಾದಿಯಲ್ಲಿ ಬೇಕು. ಅದು ಟಿವಿ ಪರದೆಯ ಮೇಲೆ ಕಾಣುವುದಿಲ್ಲವಾದ್ದರಿಂದ ಅದನ್ನು ಸೌಕರ್ಯದ ಪಟ್ಟಿಗೆ ಸೇರಿಸಿದರು. ಈ ತೀರ್ಮಾನ ಅನ್ಯಾಯದ್ದು. ಅಂದು ಮೇಯರ್ಸ್ ಅವರಿಗೆ 26 ವರ್ಷ, ಈಜುಗಾರ್ತಿಯ ಕಸುವು ತುಂಬಿದ್ದ ವಯಸ್ಸು. ಆಮೇಲೆ ಅವರು ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಲಿಲ್ಲ.

ಭಾರತದಲ್ಲಿ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ 1995ರ ಅಂಗವಿಕಲರ ಕಾಯ್ದೆ ಏಳು ವೈಕಲ್ಯಗಳನ್ನು ಹೆಸರಿಸಿತ್ತು. ಕಿವುಡು-ಅಂಧತ್ವ ಅದರಲ್ಲಿ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ, ಬಹುವಿಧ ವೈಕಲ್ಯಗಳಡಿ ಅದನ್ನೂ ಸೇರಿಸಿತು. ಶಿಕ್ಷಣದ ಯತ್ನ ಇದಕ್ಕಿಂತ ಹಳೆಯದು. ಮುಂಬೈಯಲ್ಲಿ ಬೆರೋಜ್ ವಾಚಾ 1977ರಲ್ಲಿ ಹೆಲೆನ್ ಕೆಲರ್ ಹೆಸರಿನ ಸಂಸ್ಥೆ ಕಟ್ಟಿ ಕಿವುಡು-ಅಂಧ ಮಕ್ಕಳಿಗೆ ಕಲಿಸತೊಡಗಿದರು. ಸೆನ್ಸ್ ಇಂಡಿಯಾ ಸಂಸ್ಥೆ 1997ರಿಂದ ಅಹಮದಾಬಾದ್ ಕೇಂದ್ರವಾಗಿಟ್ಟುಕೊಂಡು ದೇಶದ ಹಲವೆಡೆ ಕೆಲಸ ಮಾಡುತ್ತಿದೆ. ಮೈಸೂರಿನಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ಶುರುವಾಗಿತ್ತು. ಅದೇ ಊರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ 1965ರಿಂದಲೂ ರಾಜ್ಯದ ಮೂಲೆಮೂಲೆಯಿಂದ ತಂದೆ ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುತ್ತಿದ್ದಾರೆ.

ಈಜಿನಲ್ಲಿ ಕರ್ನಾಟಕ ದೇಶಕ್ಕೇ ಮುಂದಿದೆ, ಪ್ಯಾರಾ ಈಜಿನಲ್ಲೂ ಅಷ್ಟೆ. ಎಡಗೈ ಪೂರ್ಣವಾಗಿ ಬೆಳೆಯದೆ ಹುಟ್ಟಿದ ಬೆಂಗಳೂರಿನ ಶರತ್ ಗಾಯಕ್ವಾಡ್ 2012ರಲ್ಲಿ ಪ್ಯಾರಾಲಿಂಪಿಕ್ಸ್‌ಗೆ ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರರೆನಿಸಿ ಲಂಡನ್‌ಗೆ ಹೋದರು. ಮೇಯರ್ಸ್ ತಮ್ಮ ಮೊದಲ ಪದಕ ಗೆದ್ದದ್ದು ಅದೇ ಕೂಟದಲ್ಲಿ. 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಶರತ್ ಆರು ಪದಕ ಗೆದ್ದರು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ಗೆದ್ದಿದ್ದ ಐದಕ್ಕಿಂತ ಅದು ಒಂದು ಹೆಚ್ಚು. ಮರುವರ್ಷ ಅರ್ಜುನ ಪ್ರಶಸ್ತಿ ಬಂತು. ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದ ನಿರಂಜನ್ ಮುಕುಂದನ್ ಟೋಕಿಯೊದಲ್ಲಿ 50 ಮೀಟರ್ ಬಟರ್‌ಫ್ಲೈ ಎಸ್7 ವರ್ಗದ ಫೈನಲ್ ತಲುಪಿದರು. ಇಬ್ಬರನ್ನೂ ಪಳಗಿಸಿದವರು ಬೆಂಗಳೂರಿನ ಕೋಚ್ ಜಾನ್ ಕ್ರಿಸ್ಟೋಫರ್. ಹತ್ತನೆಯ ವಯಸ್ಸಿನಲ್ಲಿ ವಿದ್ಯುತ್ ಅವಘಡದಲ್ಲಿ ಎರಡೂ ಕೈ ಕಳೆದುಕೊಂಡ ಕೋಲಾರ ಮೂಲದ ಕೆ.ಎಸ್. ವಿಶ್ವಾಸ್ 2016ರಲ್ಲಿ ಕೆನಡಾದ ಗ್ಯಾಟಿನೊದಲ್ಲಿ ನಡೆದ ಕ್ಯಾನ್-ಆ್ಯಮ್ ಕೂಟದಲ್ಲಿ ಮೂರು ಪದಕ ಗೆದ್ದರು. ಮಗನನ್ನು ಉಳಿಸಲು ಹೋದ ತಂದೆ ಆ ಅವಘಡದಲ್ಲಿ ತೀರಿಕೊಂಡಿದ್ದರು. ಪೂರ್ಣ ಅಂಧರ ವರ್ಗದಲ್ಲಿ ನಾಗಪುರದ ಕಾಂಚನಮಾಲಾ ಪಾಂಡೆ 2017ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ವಿಶ್ವ ಕೂಟದಲ್ಲಿ 200 ಮೀಟರ್ ಮೆಡ್ಲೆಯ ಚಿನ್ನ ತಂದರು. ಅದೇ ವರ್ಷದ ಜುಲೈಯಲ್ಲಿ ಬರ್ಲಿನ್ ಕೂಟಕ್ಕೆ ಹೋಗಿದ್ದಾಗ ಸರ್ಕಾರ ಮಂಜೂರು ಮಾಡಿದ ಹಣ ಕೈಸೇರದೆ ಸಾಲ ಮಾಡಿ ದಿನ ದೂಡಿದ್ದರು. ಮೇಯರ್ಸ್‌ಗೆ ಟೋಕಿಯೊದಲ್ಲಿ, ಪಾಂಡೆಯವರಿಗೆ ಬರ್ಲಿನ್‌ನಲ್ಲಿ ಎದುರಾದದ್ದು ಒಂದೇ ಜಾತಿಯ ಕಷ್ಟ. ಈಜು ಬಲ್ಲವರಿಗೆ ಈಜಿನ ಹೊರಗಿನ ವ್ಯವಸ್ಥೆ ಕೈಕೊಟ್ಟಿತು.

ಕೋಲಾರ ಸೀಮೆಯ ಮಾತು

ವಿಶ್ವಾಸ್ ಅವರ ಮೂಲ ಜಿಲ್ಲೆಯಾದ ಕೋಲಾರದಲ್ಲಿ, ಗೌನಿಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಇದು ಕೆರೆಗಳ, ತೆರೆದ ಬಾವಿಗಳ, ಮಾವಿನ ತೋಪುಗಳ ಸೀಮೆ. ಹಿಂದಿನ ತಲೆಮಾರು ಈಜು ಕಲಿತದ್ದು ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು. ಕೊಳವೆಬಾವಿಗಳು ಆಳಕ್ಕಿಳಿದಂತೆ ತೆರೆದ ಬಾವಿಗಳು ಬತ್ತಿದವು, ಆ ಕಲಿಕೆಯೂ ಬತ್ತಿತು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಸಂಸ್ಕರಿಸಿದ ನೀರು ಜಿಲ್ಲೆಯ ಎಷ್ಟೋ ಕೆರೆಗಳಿಗೆ ಬಂದಿದೆ. ಅದು ಅಂತರ್ಜಲಕ್ಕೆಂದು ಬಂದ ನೀರು, ಮಕ್ಕಳು ಈಜಲಿ ಎಂದು ಬಂದದ್ದಲ್ಲ. ಸ್ಪರ್ಧಾತ್ಮಕ ಈಜು ಕಲಿಯಬೇಕೆಂದರೆ ಇಲ್ಲಿನ ಮಗು ಬೆಂಗಳೂರಿನತ್ತಲೇ ಮುಖ ಮಾಡಬೇಕು. ಕಣ್ಣು ಕಿವಿ ಎರಡೂ ಸೋತ ಮಗುವಿಗೆ ಆ ದೂರ ಇನ್ನೂ ಹೆಚ್ಚು.

ಈ ಸೀಮೆಗೆ ಅಷರ್ ಸಿಂಡ್ರೋಮ್ ಕುರಿತ ತಿಳಿವಳಿಕೆ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ತೆಲುಗು ಕನ್ನಡ ಬೆರೆತ ಈ ಗಡಿನಾಡಿನಲ್ಲಿ ಇನ್ನೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದೊಳಗೇ ನಡೆದಂಥವು. ಒಂದೇ ಅಜ್ಜ ಅಜ್ಜಿಯ ಕವಲುಗಳಲ್ಲಿ ಒಂದೇ ದೋಷದ ಜೀನ್ ಇರುವ ಸಾಧ್ಯತೆ ಹೆಚ್ಚು, ಅವೆರಡೂ ಮಗುವಿನಲ್ಲಿ ಕೂಡುವ ಸಾಧ್ಯತೆಯೂ ಹೆಚ್ಚು. ಇದನ್ನು ಯಾರ ಮನೆಯ ಮದುವೆಯನ್ನೂ ಹಳಿಯಲು ಹೇಳುತ್ತಿಲ್ಲ. ಮದುವೆಗೆ ಮೊದಲು ಜೀನ್ ಸಲಹೆ ಪಡೆಯುವುದು, ಮಗು ಹುಟ್ಟಿದ ಮೇಲೆ ಬೇಗ ಪರೀಕ್ಷಿಸುವುದು ಇಂಥ ಮನೆಗಳಿಗೆ ಹೆಚ್ಚು ಅಗತ್ಯ ಎಂಬುದಕ್ಕಾಗಿ ಹೇಳಬೇಕಾಗಿದೆ.

ಅಕ್ಷಿಪಟಲದ ಸವೆತವನ್ನು ಪೂರ್ತಿ ನಿಲ್ಲಿಸುವ ಚಿಕಿತ್ಸೆ ಇನ್ನೂ ಬಳಕೆಗೆ ಬಂದಿಲ್ಲ. ಆದರೆ ಬೇಗ ಗೊತ್ತಾದರೆ ಮಾಡಬಹುದಾದ್ದು ಬಹಳ. ಕಣ್ಣು ಇರುವಾಗಲೇ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿದರೆ ಮಾತಿನ ಹಾದಿ ತೆರೆದಿರುತ್ತದೆ. ಎಳೆಯ ಮಕ್ಕಳಿಗೆ ಇದರ ವೆಚ್ಚ ಭರಿಸುವ ಸರ್ಕಾರದ ಯೋಜನೆಗಳಿವೆ, ರಾಜ್ಯದ ಶ್ರವಣ ಸಂಜೀವಿನಿ ಅಂಥದ್ದೊಂದು. ಬ್ರೈಲ್, ಬಿಳಿಕೋಲಿನ ನಡಿಗೆ, ಸ್ಪರ್ಶದ ಸನ್ನೆಗಳನ್ನು ದೃಷ್ಟಿ ಉಳಿದಿರುವಾಗಲೇ ಕಲಿಸಬಹುದು. ಈಜನ್ನೂ ಕಲಿಸಬಹುದು. ಮೇಯರ್ಸ್ ಅವರಿಗೆ ಈಜಿನ ಕಲಿಕೆ ಎಳವೆಯಲ್ಲಿ, ಮನೆಯ ಹತ್ತಿರದಲ್ಲಿ ಸಿಕ್ಕಿತು.

ನಮ್ಮಲ್ಲಿ ಹೆಚ್ಚಾಗಿ ಕಿವುಡ ಮಗುವಿನ ಕಿವಿಗೆ ಮಾತ್ರ ಚಿಕಿತ್ಸೆ ನಡೆಯುತ್ತದೆ, ಕಣ್ಣಿನತ್ತ ಗಮನ ಹೋಗುವುದು ಕಡಿಮೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಕಿವಿ ಕೇಳದ ಮಗುವೊಂದು ಮುಸ್ಸಂಜೆಯಲ್ಲಿ ಎಡವುತ್ತಿದ್ದರೆ, ಕತ್ತಲಾದ ಮೇಲೆ ಹೊರಗೆ ಬರಲು ಹೆದರುತ್ತಿದ್ದರೆ, ಪಕ್ಕದಲ್ಲಿಟ್ಟ ಲೋಟ ಕಾಣದೆ ತಡಕಾಡುತ್ತಿದ್ದರೆ ಅದನ್ನು ಗದರಬೇಡಿ. ಅಂಗನವಾಡಿ ಕಾರ್ಯಕರ್ತೆಗೋ ಶಾಲೆಯ ಮೇಷ್ಟರಿಗೋ ತಿಳಿಸಿ, ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಬೆಂಗಳೂರಿನ ಮಿಂಟೊದಂಥ ಕಣ್ಣಾಸ್ಪತ್ರೆಯಲ್ಲಿ ಅಕ್ಷಿಪಟಲದ ಪರೀಕ್ಷೆ ಮಾಡಿಸಿ.